ನೀಲವ್ವನ ನೆತ್ತಿ

ನೀಲವ್ವ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ, ಎಲ್ಲರಿಗೂ ಒಂದು ಸಂಬಂಧ ಹಚ್ಚುತ್ತಿದ್ದಳು. ಮುಂಬಯಿ ಹತ್ತಿರದ ರಬಾಳೆಯ ಪ್ಲಾಸ್ಟಿಕ್ ಕಾರ್ಖಾನೆಯ ಆಫೀಸಿನಲ್ಲಿದ್ದ, ಉಡುಪಿ ಕಡೆಯ ನಾನು ಅವಳಿಗೆ ‘ಅಕ್ಕಾರು’. ಮರಾಠಿ ಸೂಪರ್‌ವೈಸರ್ ‘ಮಾವ’. ಗಳಿಗೆಗೊಮ್ಮೆ ಕೆಟ್ಟು ನಿಲ್ಲುವ ಮಷಿನ್ನು ‘ಅತ್ತಿ’. “ಇವತ್ತ ನಮ್ಮತ್ತಿ ಸಿಟ್ಟಾಗ್ಯಾಳ್ರಿ, ಚಾ ಕುಡದು ಬರ್ತೀನಿ,” ಎಂದು ನಗುತ್ತ ಹೋಗುವಳು. ಅಕ್ಕ ಕಾಶವ್ವನ ಜೊತೆ ವಿಜಾಪುರ ಕಡೆಯಿಂದ ಬಂದವಳು. ಇಬ್ಬರಿಗೂ ಅಲ್ಲೇ ಕೆಲಸ. ನೀಲವ್ವನದು ಮೊಣಕಾಲು ಮುಟ್ಟುವ ಜಡೆ. ಕ್ಯಾಪ್ ಹಾಕಿಕೊಳ್ಳೇ ಮಾರಾಯ್ತಿ ಅಂದರೆ, “ಇಷ್ಟು ಕೂದಲ ಅದರಾಗ ಹೆಂಗ ಹಿಡಿತಾವ್ರೀ?” ಎನ್ನುವಳು. ಅಷ್ಟು ದೊಡ್ಡ ಕ್ಯಾಪನ್ನು ಯಾರೂ ತರಿಸಿಕೊಡಲಿಲ್ಲ.

ಒಂದು ಮಧ್ಯಾಹ್ನ, ಬಿದ್ದ ಮಾಲು ಹೆಕ್ಕಲು ಬಗ್ಗಿದಾಗ ತಿರುಗುವ ಶಾಫ್ಟಿಗೆ ಜಡೆ ಸಿಕ್ಕಿತು. ಹುಬ್ಬಿನಿಂದ ಹಿಡಿದು ಕತ್ತಿನ ಹಿಂಭಾಗದವರೆಗೆ ತಲೆಯ ಚರ್ಮವೇ ಕಿತ್ತು ಬಂತು. ಕಾಶವ್ವ ಶಾಫ್ಟಿಗೆ ಸುತ್ತಿದ ಜಡೆ ಬಿಡಿಸುತ್ತ ಅಲ್ಲೇ ಉಳಿದಳು. ನಾನು ನೀಲವ್ವನನ್ನು ಪಕ್ಕದ ಠಾಣೆ ನಗರದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕೇಳಿದ ಮೊದಲ ಮಾತೇ, “ಕಿತ್ತು ಬಂದ ಚರ್ಮ ಎಲ್ಲಿ? ಸಿಕ್ಕರೆ ಜೋಡಿಸಲು ನೋಡಬಹುದು.”

ಕಾರ್ಖಾನೆಗೆ ಫೋನ್ ಮಾಡಿದೆ. ಅಷ್ಟರಲ್ಲಿ ಕಾಶವ್ವ ಅದಕ್ಕೆ ವಿಭೂತಿ ಹಚ್ಚಿ, ಶೆಡ್ಡಿನ ಹಿಂದೆ ಗುಂಡಿ ತೋಡಿ ಮಣ್ಣು ಮಾಡಿಬಿಟ್ಟಿದ್ದಳು. “ಜೀವ ಇದ್ದ ಅಂಗ ಅಕ್ಕಾರ, ನಾಯಿ ಪಾಲಾಗಬಾರದು ಅಂತ ಮಾಡಿದ್ನಿ,” ಎಂದಳು. ಅಗೆಸಿ ತರಿಸಿದೆವು. ಡಾಕ್ಟರು ನೋಡಿ, ಇನ್ನು ಜೋಡಿಸಲಾಗದು ಎಂದು ತಲೆಯಾಡಿಸಿದರು. ಪ್ರೀತಿಯಿಂದ ಮಾಡಿದ್ದೇ ಹೀಗಾದರೆ ಯಾರನ್ನು ಬೈಯುವುದು?

ಆಮೇಲೆ ನೀಲವ್ವನ ತೊಡೆಯ ಚರ್ಮ ತೆಗೆದು ತಲೆಗೆ ಹಚ್ಚಿದರು. ಕೆಲವು ಕಡೆ ಹಿಡಿಯಿತು. ನಡುನೆತ್ತಿಯಲ್ಲಿ ಕಪ್ಪಾಗಿ ಸುಲಿದುಹೋಯಿತು. ಬರೀ ಮೂಳೆಯ ಮೇಲೆ ಚರ್ಮ ನಿಲ್ಲುವುದಿಲ್ಲವಂತೆ. ಮೂಳೆ ಕೊರೆದು, ಕೆಂಪು ಮಾಂಸ ಮೂಡಿದ ಮೇಲೆ ಮತ್ತೆ ಹಚ್ಚಬೇಕಂತೆ. “ನನ್ನ ತೊಡಿ ಐತಲ್ರೀ, ನಂದ ತಗೀರಿ,” ಎಂದು ಕಾಶವ್ವ ಡಾಕ್ಟರ ಕಾಲು ಹಿಡಿದಳು. ಬೇರೆಯವರ ಚರ್ಮ ಉಳಿಯುವುದಿಲ್ಲ ಎಂದರು. ಪಟ್ಟಿ ಬಿಚ್ಚುವಾಗ ನೀಲವ್ವ ಕೂಗುತ್ತಿರಲಿಲ್ಲ, ನನ್ನ ಕೈ ಕಚ್ಚುತ್ತಿದ್ದಳು. ನನಗೆ ದೇವರ ಮೇಲೇ ಸಿಟ್ಟು ಬರುತ್ತಿತ್ತು.

ಮೂಳೆ ಕೊರೆದ ಮೇಲೆ ನಂಜೇರಿತು. ಮತ್ತೆ ಚರ್ಮ ಹಚ್ಚುವ ಮಾತೇ ನಿಂತಿತು. ಕಿತ್ತು ಬಂದ ಚರ್ಮವನ್ನು ಅಕ್ಕ ಮಣ್ಣು ಮಾಡಿದ ಸುದ್ದಿ ಅವಳಿಗೆ ಯಾರು ಹೇಳಿದ್ದರೋ, ಜ್ವರದಲ್ಲೇ ಅಕ್ಕನನ್ನು ಹತ್ತಿರ ಕರೆದಳು. “ಯಕ್ಕಾ, ಅಳಬ್ಯಾಡ. ನೀ ಮಾಡಿದ್ದು ಚಲೋನ ಆತು. ಉಳಿದಿದ್ದಕ್ಕೂ ನೀನ ಮೊದಲ ಮಣ್ಣ ಹಾಕು.”

ನೀಲವ್ವ ಉಳಿಯಲಿಲ್ಲ. ಅಲ್ಲೇ ಹತ್ತಿರದ ಕಲ್ಯಾಣದ ರುದ್ರಭೂಮಿಯಲ್ಲಿ, ಕಾಶವ್ವ ಮೊದಲ ಮಣ್ಣು ಹಾಕಲೆಂದು ನಾವೆಲ್ಲ ಕಾದು ನಿಂತೆವು. ಹಿಡಿ ಮಣ್ಣು ತುಂಬಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಅವಳು ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಎಷ್ಟು ಹೇಳಿದರೂ ಬಿಚ್ಚಲಿಲ್ಲ.