ಗಿರಾಕಿಗಿಂತ ಮೊದಲು ದಿನ್ನೆ ಹತ್ತಿದ ಅಂಗಡಿ

ಮಳೆಗಾಲದಲ್ಲಿ ಬೆಲ್ಲ ಬೆವರುತ್ತದೆ. ನಿನ್ನೆ ಕಡುಬು ಮಾಡಲೆಂದು ತಗಡಿನ ಡಬ್ಬಿ ತೆರೆದರೆ, ಮೂಡಲಗಿ ಕಡೆಯ ಬೆಲ್ಲದ ಪೆಂಟೆ ತಳದಲ್ಲಿ ಕರಗಿ ಹುಳಿ ವಾಸನೆ ಬಂತು. ಕೈ ಹಾಗೇ ನಿಂತಿತು. ಮಹಾಪೂರ ಇಳಿದ ಮರುದಿನ ನಮ್ಮ ಓಣಿಯ ಅಂಗಡಿ ಕಾಕಾ ಬಾಗಿಲು ತೆರೆದಾಗ ಬಂದದ್ದೂ ಇದೇ ವಾಸನೆ... ಬೆಲ್ಲ, ಕೆಸರು, ನೆನೆದ ಗೋಣಿಚೀಲ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಇಡೀ ಓಣಿಗೇ ಕಾಕಾ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯೇ ಮನೆ, ನಾವೇ ಬಳಗ. ಏನೇ ತೆಗೆದುಕೊಂಡರೂ ಕೊನೆಗೊಂದು ಚೂರು ಬೆಲ್ಲ ಅಂಗೈಗೆ ಇಡುತ್ತಿದ್ದರು. "ಬಾಯಿ ಸೀ ಮಾಡ್ಕೊಂಡು ಹೋಗ್ರಿ. ಇಲ್ಲಂದ್ರ ಮನಿ ಮುಟ್ಟೂದ್ರಾಗ ಅತ್ತಿ-ಸೊಸಿ ಜಗಳ ತಗೀತೀರಿ" ಎಂದು ನಮ್ಮತ್ತೆಯ ಎದುರೇ ಅನ್ನುತ್ತಿದ್ದರು.

ನನ್ನ ತವರು ಕೌಜಲಗಿ. ನೀರಿಲ್ಲದ್ದಕ್ಕೆ ಹೆದರಿ ಗೊತ್ತಿತ್ತು, ನೀರಿಗೆ ಹೆದರಿ ಗೊತ್ತಿರಲಿಲ್ಲ. ಲಗ್ನವಾಗಿ ಬಂದದ್ದು ಘೋಡಗೇರಿಗೆ. ಮುಂದೆ ಹೊಳೆ, ಹಿತ್ತಲ ಹಿಂದೆ ಹಳ್ಳ, ನಡುವೆ ನಮ್ಮ ಓಣಿ. ಅಲ್ಲೊಂದು ಪದ್ಧತಿ ಇತ್ತು. ಹೊಳೆಯ ನೀರು ಹನುಮಪ್ಪನ ಕಟ್ಟೆಯ ಕೆಳಗಿನ ಮೆಟ್ಟಿಲು ಮುಟ್ಟಿತೆಂದರೆ ಹೆಂಗಸರೆಲ್ಲ ಸೇರಿ ಮೊರದಲ್ಲಿ ಖಣ, ಕಾಯಿ, ಬಳೆ, ಅರಿಶಿಣ-ಕುಂಕುಮ ಇಟ್ಟು ಗಂಗವ್ವನ ಉಡಿ ತುಂಬಬೇಕು. ಅದು ಮುಗಿಯುವವರೆಗೆ ಯಾರೂ ಒಂದು ಪಾತ್ರೆಯನ್ನೂ ಎತ್ತಿಡಬಾರದು. ಮೊದಲೇ ಗಂಟು ಕಟ್ಟಿದರೆ ತಾಯಿಯ ಮೇಲೆ ನಂಬಿಕೆ ಇಲ್ಲವೆಂದಾಯಿತಲ್ಲ! ಉಡಿ ತುಂಬಿದ ಮೇಲೆ ನೀರು ಹಿಂದೆ ಸರಿಯುತ್ತಿತ್ತು. ತಲೆತಲಾಂತರದಿಂದ ಸರಿಯುತ್ತಿತ್ತಂತೆ.

ಮಹಾಪೂರದ ವರ್ಷ ಸರಿಯಲಿಲ್ಲ. ಗೋಡೆಗಳು ಕುಸಿದವು, ಕಾಕಾನ ಅಂಗಡಿಯ ಸರಕೆಲ್ಲ ಕರಗಿಹೋಯಿತು. "ಉಡಿ ತುಂಬೂದು ಹೊತ್ತಾತು, ಅದಕ್ಕ ಸಿಟ್ಟಾದ್ಲು" ಅಂದರು ಅತ್ತೆ. ಸರಕಾರದವರು ಬಿದ್ದ ಗೋಡೆ ನೋಡಿ ಪರಿಹಾರ ಕೊಟ್ಟರು. ಅದೇ ಜಾಗದಲ್ಲಿ ಮತ್ತೆ ಕಟ್ಟಿದೆವು.

ಬೇಸಿಗೆಯಲ್ಲಿ ಸರಕಾರದ ಕಡೆಯಿಂದ ಒಬ್ಬರು ಮೇಡಂ ನಕಾಶೆ ಹಿಡಿದು ಬಂದರು. ವಯಸ್ಸು ಸಣ್ಣದು, ಮಾತು ನಮ್ಮ ಕಡೆಯದೇ. ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂಡಿಸಿ ಹೇಳಿದರು: "ಮೊದಲ ತಿಂಗಳಗಟ್ಲೆ ಬೀಳೂ ಮಳಿ ಈಗ ಘಟ್ಟದಾಗ ನಾಕ್ ದಿನಕ್ಕ ಸುರೀತೈತಿ. ಹೊಳಿ ಮತ್ತ ಬರತೈತಿ, ಮತ್ತ ಗ್ವಾಡಿ ಬೀಳತಾವು, ಮತ್ತ ಪರಿಹಾರ. ಸರಕಾರಕ್ಕೂ ತುಟ್ಟಿ, ನಿಮಗೂ ತುಟ್ಟಿ. ಊರ ಹಿಂದಿನ ದಿನ್ನಿ ಮ್ಯಾಲ ಜಾಗಾ ಕೊಡ್ತೇವಿ. ಹ್ವಾದ್ರ ಒಮ್ಮಿ ಖರ್ಚು, ಮುಂದ ಅಂಜಿಕಿಲ್ಲ."

ಕಾಕಾ ಎದ್ದು ನಿಂತರು. "ಬಾಯಾರ, ನಿಮ್ಮ ಲೆಕ್ಕದಾಗ ಗ್ವಾಡಿ ಐತಿ, ಗಿರಾಕಿ ಎಲ್ಲಿ ಅದಾರ್ರಿ? ಮನಿಗೆ ಜಾಗಾ ಕೊಟ್ರಿ, ಛಲೋ ಆತು. ಅಲ್ಲಿ ಕುಂತು ನಾ ಯಾರಿಗೆ ಬೆಲ್ಲ ತೂಗ್ಲಿ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಖರೆ ಐತ್ರಿ ಕಾಕಾ. ಅಂಗಡಿ ನಮ್ಮ ಲೆಕ್ಕದಾಗ ಇಲ್ಲ, ಇರಬೇಕಾಗಿತ್ತು. ಮ್ಯಾಲಿನವ್ರಿಗೆ ಹೇಳ್ತೇನಿ. ಆದ್ರ ನೀವು ಗಿರಾಕಿ ಹಾದಿ ಕಾಯ್ಕೊಂತ, ಗಿರಾಕಿ ನಿಮ್ಮ ಹಾದಿ ಕಾಯ್ಕೊಂತ ಕುಂತ್ರ, ಹೊಳಿ ಯಾರ ಹಾದೀನೂ ಕಾಯಂಗಿಲ್ರಿ."

ಅದೇ ಆಯಿತು. "ಅಂಗಡಿ ಹ್ವಾದ್ರ ನಾವೂ ಹೋಗ್ತೇವಿ. ಉಪ್ಪಿಗೆ, ಎಣ್ಣಿಗೆ ಯಾರ ಇಳದು ಬರಬೇಕು?" ಎಂದು ನಾವು. "ಓಣಿ ಹ್ವಾದ್ರ ನಾನೂ" ಎಂದು ಕಾಕಾ. ಮೊದಲು ಹೋದವರಿಗೇ ಲುಕ್ಸಾನು, ಹಿಂದೆ ಹೋದವರಿಗೆ ಆರಾಮು. ಹೀಗಾಗಿ ಯಾರೂ ಅಲ್ಲಾಡಲಿಲ್ಲ. ಮುಗಿಲು ಕಪ್ಪಾಗತೊಡಗಿತ್ತು.

ಒಂದು ಮುಂಜಾನೆ ನೋಡಿದರೆ ಕಾಕಾ ತಕ್ಕಡಿ, ಡಬ್ಬಿ, ಚೀಲಗಳನ್ನೆಲ್ಲ ಚಕ್ಕಡಿಗೆ ಹೇರುತ್ತಿದ್ದರು. "ಇದೇನ್ ಕಾಕಾ?" ಅಂದೆ. "ಯಾರರ ಒಬ್ರು ಮೊದಲ ಹುಚ್ಚರಾಗಬೇಕಲ್ಲ ಯವ್ವಾ. ನನಗ ಹೆಂಡ್ರಿಲ್ಲ, ಮಕ್ಕಳಿಲ್ಲ, ಬೈಯಾವ್ರು ಯಾರೂ ಇಲ್ಲ."

ದಿನ್ನೆಯ ಮೇಲೆ ಕರೆಂಟಿಲ್ಲ, ನೆರಳಿಲ್ಲ. ಗಾಳಿಗೆ ತಗಡಿನ ಶೆಡ್ಡು ಕೆಳಗಿನವರೆಗೂ ಬಡಬಡ ಅನ್ನುತ್ತಿತ್ತು. "ಮುದುಕ ಕಾಗಿಗೆ ಬೆಲ್ಲ ಮಾರಾಕತ್ತಾನ" ಎಂದು ಓಣಿ ನಕ್ಕಿತು. ನಾವು ಬಾಜೂ ಓಣಿಯ ಅಂಗಡಿ ಹಿಡಿದೆವು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಮಾವನವರೂ ನಮ್ಮವರೂ ಕೆಲಸಕ್ಕೆಂದು ಯಮಕನಮರಡಿಗೆ ಹೋದವರು ರಸ್ತೆ ಮುಳುಗಿ ಅಲ್ಲೇ ಉಳಿದಿದ್ದರು. ಒಂದು ಮುಂಜಾನೆ ಹೊಳೆಯ ನೀರು ಕಟ್ಟೆಯ ಮೆಟ್ಟಿಲು ಮುಟ್ಟಿತು. ಈ ಸಲ ತಡವಾಗಬಾರದೆಂದು ಅತ್ತೆ ಎಲ್ಲರಿಗಿಂತ ಮೊದಲು ಮೊರ ಹಿಡಿದರು. ನಾನು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವರ ಹಿಂದೆ. ಇಡೀ ಓಣಿಯ ಕಣ್ಣು ಆ ಮೆಟ್ಟಿಲಿನ ಮೇಲೆ. ಹಾಡು ಹೇಳುತ್ತಿದ್ದೆವು.

ಆಗ ಕೇಳಿಸಿತು, ಡಬ್ಬಿ ಬಡಿಯುವ ಸದ್ದು. ಕಾಕಾ ಖಾಲಿ ಎಣ್ಣೆಡಬ್ಬಿ ಬಡಿಯುತ್ತ, ಜಾರುತ್ತ ದಿನ್ನೆ ಇಳಿದು ಓಡಿ ಬರುತ್ತಿದ್ದರು.

"ಇಂವಗ ಖರೇನ ಹುಚ್ಚ ಹಿಡೀತು" ಅಂದರು ಯಾರೋ.

"ಮುಂದ ಏನ್ ನೋಡ್ತೀರೋ! ಹಿಂದ ನೋಡ್ರಿ, ಹಿಂದ! ಹಳ್ಳ ತಿರುಗಿ ಬರಾಕತ್ತೈತಿ!"

ತಿರುಗಿ ನೋಡಿದೆ. ಹೊಳೆ ದಬ್ಬಿದ ನೀರು ಹಳ್ಳದಗುಂಟ ಹಿಂದಕ್ಕೆ ಏರಿ ನಮ್ಮ ಹಿತ್ತಲಿಗೆ ಬಂದಿತ್ತು. ಸದ್ದಿಲ್ಲ, ತೆರೆಯಿಲ್ಲ. ಅಲ್ಲಿ ಕಟ್ಟಿದ್ದ ಎಮ್ಮೆಯ ಮೊಣಕಾಲು ಕಾಣುತ್ತಿರಲಿಲ್ಲ. ದಿನ್ನೆಗೆ ಹೋಗುವ ಹಾದಿ ಹಳ್ಳದ ಕಡೆಯೇ. ಇನ್ನು ಸ್ವಲ್ಪ ತಡವಾದರೆ ಮುಂದೂ ನೀರು, ಹಿಂದೂ ನೀರು.

"ನಡೀರಿ ಅತ್ತಿ!" ಎಂದು ಕೈ ಜಗ್ಗಿದೆ. ಅವರು ಕದಲಲಿಲ್ಲ. "ಉಡಿ ಅರ್ಧಕ್ಕ ಬಿಡಾಕ ಬರಂಗಿಲ್ಲ. ವಂಶಕ್ಕ ಒಳ್ಳೇದಲ್ಲ." ಅವರು ನಿಂತದ್ದಕ್ಕೆ ಉಳಿದವರೂ ನಿಂತರು. ಮಗಳು ಚೀರತೊಡಗಿದಳು.

ಕಾಕಾ ಏದುಸಿರು ಬಿಡುತ್ತ ಅತ್ತೆಯ ಎದುರು ನಿಂತರು. ಬೈಯಲಿಲ್ಲ. "ಅಕ್ಕಾ, ಹಿತ್ತಲಾಗ ಬಂದಾಕಿನೂ ಗಂಗವ್ವನಽ. ಮನಿ ಬಾಗಲಿಗೆ ಬಂದಾಳ. ಅಕಿ ಉಡಿ ತುಂಬಿ ನಡಿ."

ಅತ್ತೆ ಅವರ ಮುಖ ನೋಡಿದರು. ಆಮೇಲೆ ಮೊರ ಎತ್ತಿಕೊಂಡು ಹಳ್ಳದ ಕಡೆ ತಿರುಗಿ, ಆ ಕೆಂಪು ನೀರಿಗೆ ಖಣ, ಕಾಯಿ, ಬಳೆ ಬಿಟ್ಟು ಕೈ ಮುಗಿದರು. "ಹಾದಿ ಬಿಡು ತಾಯಿ" ಅಂದರು. ಇಡೀ ಓಣಿ ಅವರ ಹಿಂದೆ ನಡೆಯಿತು. ನೀರು ಸೊಂಟಕ್ಕೆ ಬರುತ್ತಿತ್ತು. ಬೇಲಿ ಹಿಡಿದುಕೊಂಡು, ಮುಂದೆ ಬಡಿಯುವ ಡಬ್ಬಿಯ ಸದ್ದು ಹಿಡಿದುಕೊಂಡು ದಾಟಿದೆವು. ದೇವರು ದೊಡ್ಡವನು. ಹಗಲಿತ್ತು. ಬೇಲಿ ಗಟ್ಟಿಯಿತ್ತು. ಬಿಚ್ಚಿಬಿಟ್ಟ ಎಮ್ಮೆ ಈಜಿ ನಮಗಿಂತ ಮೊದಲೇ ಮೇಲೆ ಹೋಗಿ ನಿಂತಿತ್ತು. ಒಂದು ಜೀವವೂ ಹೋಗಲಿಲ್ಲ.

ಶೆಡ್ಡಿನಲ್ಲಿ ನಾವೆಲ್ಲ ತೊಯ್ದು ನಡುಗುತ್ತ ನಿಂತಾಗ ಕಾಕಾ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕುಳಿತರು. "ಗಿರಾಕಿ ಎಲ್ಲಾ ಒಮ್ಮಿಗೆ ಬಂದ್ರ ಹೆಂಗ? ನನ್ನ ಕಡೆ ಒಂದ ತಕ್ಕಡಿ ಐತಿ."

"ತಕ್ಕಡಿ ಸುಟ್ಟು ಬರ್ಲಿ, ಮೊದಲ ಚಾ ಕಾಸಪಾ" ಎಂದು ಅತ್ತೆ ಗದರಿಸಿದರು, ಗದರಿಸುತ್ತಲೇ ಅತ್ತರು. ಬೆಲ್ಲದ ಚಹಾ. ಒಂದೊಂದೇ ಚೂರು ಬೆಲ್ಲ ಎಲ್ಲರ ಕೈಗೂ ಬಂತು.

ಆಮೇಲೆ ಯಾರೂ ಯಾರ ಹಾದಿಯನ್ನೂ ಕಾಯಲಿಲ್ಲ. ಮೇಡಂಗೆ ಹೇಳಿಕಳಿಸಿ ದಿನ್ನೆಯ ಜಾಗಕ್ಕೆ ಒಪ್ಪಿದೆವು. ಆದರೆ ಮನೆ ಏಳುವುದು ಮಾತಿನಷ್ಟು ಸಲೀಸಲ್ಲವಲ್ಲ. ನಮ್ಮ ಮನೆಯ ಪಾಯ ತೋಡಿದ ಚಳಿಗಾಲದಲ್ಲಿ ಕಾಕಾಗೆ ಎದೆಯಲ್ಲಿ ಕಫ ಕಟ್ಟಿತು. ಹುಕ್ಕೇರಿಗೆ ಒಯ್ದರು. ಜೀವಂತ ತಿರುಗಿ ಬರಲಿಲ್ಲ. ದಿನ್ನೆಯ ಮೇಲೆ ಒಂದು ಓಣಿ ಆದದ್ದನ್ನು, ಆ ಓಣಿಯ ಬಾಗಿಲುಗಳು ಮುಂಜಾನೆ ಒಂದರ ಹಿಂದೊಂದು ತೆರೆಯುವುದನ್ನು ಅವರು ನೋಡಲಿಲ್ಲ... ಆ ಓಣಿಗೆ ಬೆಲ್ಲ ತೂಗಲಿಲ್ಲ.

ಈಗಲೂ ಮಳೆ ಸುರಿಯುತ್ತಿದೆ. ನಮ್ಮ ಪಡಸಾಲೆಯಿಂದ ಹೊಳೆಯೂ ಕಾಣುತ್ತದೆ, ಹಳ್ಳವೂ ಕಾಣುತ್ತದೆ. ಕೆಳಗೆ ಇನ್ನೂ ಎರಡು ಓಣಿ ಹಾಗೇ ಇವೆ, ಒಬ್ಬರ ಹಾದಿ ಒಬ್ಬರು ಕಾಯುತ್ತ. ಅತ್ತೆ ಬಾಗಿಲಲ್ಲಿ ಕುಳಿತು ನೀರನ್ನೇ ನೋಡುತ್ತಾರೆ. ನಿನ್ನೆ ಅಂದರು, "ಡಬ್ಬಿ ಬಡ್ಯಾಕ ಈಗ ಯಾರೂ ಇಲ್ಲಲ್ಲ."

ಕೆಡದೆ ಉಳಿದ ಬೆಲ್ಲವನ್ನು ಪಾತ್ರೆಗೆ ಹಾಕಿ, ದೇವರಿಗೊಂದು ಚೂರು, ಅತ್ತೆಯ ಕೈಗೊಂದು ಚೂರು ಕೊಟ್ಟೆ. ಖಾಲಿ ಡಬ್ಬಿ ತೊಳೆದು, ಕಬ್ಬಿಣದ ಸೌಟಿನ ಜೊತೆ ಬಾಗಿಲ ಹಿಂದೆ ಇಟ್ಟಿದ್ದೇನೆ. ಒಮ್ಮೆ ಬಡಿದು ನೋಡಿದೆ. ಸದ್ದು ಕಾಕಾನ ಡಬ್ಬಿಯಷ್ಟು ದೊಡ್ಡದಿಲ್ಲ.