ಬೊರ್ತೊಲೊ ಮೇಷ್ಟ್ರ ಇತಿಹಾಸಕ್ಕೆ ಸಿಕ್ಕ ಸನ್ನದು

ವೆನಿಸ್ಸಿನ ಆಳ್ವಿಕೆಗೆ ಸೇರಿದ ಕ್ಯೋಜಾ ಎಂಬ ಊರಲ್ಲಿ ಮೀನುಗಾರರ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದ ಬೊರ್ತೊಲೊ ಮೇಷ್ಟ್ರು ಹದಿನೆಂಟು ವರ್ಷ ಕೂತು ತಮ್ಮ ಊರಿನ ಇತಿಹಾಸವನ್ನು ಬರೆದು ಮುಗಿಸಿದರು. ಹನ್ನೊಂದು ಕಾಂಡ, ಶುದ್ಧ ಲ್ಯಾಟಿನ್. ಮೀನುಗಾರರ ಮಕ್ಕಳಿಗೆ ಲ್ಯಾಟಿನ್ ಎಷ್ಟು ಬೇಕಾಗಿತ್ತೋ ಊರಿಗೆ ಈ ಇತಿಹಾಸವೂ ಅಷ್ಟೇ ಬೇಕಾಗಿತ್ತು.

ಬರೆದು ಮುಗಿಸಿದ ಮರುದಿನವೇ ಮೇಷ್ಟ್ರಿಗೆ ಕಳ್ಳರ ಭಯ ಹಿಡಿಯಿತು. ವೆನಿಸ್ಸಿನಲ್ಲಿ ಅಚ್ಚುಕೂಟಗಳು ಓಣಿಗೆರಡರಂತೆ ಎದ್ದಿದ್ದ ಕಾಲ. ಒಬ್ಬ ಕಷ್ಟಪಟ್ಟು ಅಚ್ಚು ಹಾಕಿದ ಪುಸ್ತಕವನ್ನು ಪಕ್ಕದ ಓಣಿಯವನು ತಿಂಗಳೊಳಗೆ ಅಗ್ಗದ ಕಾಗದದ ಮೇಲೆ ಇಳಿಸಿ ಮಾರುತ್ತಿದ್ದ. ಇದನ್ನು ತಡೆಯಲು ಪ್ರಭುಗಳ ಸಭೆ ಇತಿಹಾಸಕಾರರಿಗೆ ಸನ್ನದು ಕೊಡುವ ಹೊಸ ಪದ್ಧತಿಯನ್ನು ಆಗಷ್ಟೇ ಶುರುಮಾಡಿತ್ತು. ಸನ್ನದು ಇದ್ದವನ ಪುಸ್ತಕವನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಮುದ್ರಿಸುವಂತಿಲ್ಲ, ಮುದ್ರಿಸಿದರೆ ದಂಡ.

"ನಿಮ್ಮ ಪುಸ್ತಕಾನ ಯಾರ್ರೀ ಕದೀತಾರೆ?" ಅಂದಳು ಹೆಂಡತಿ ಸಮರಿತಾನಾ, ಸಾರ್ಡೀನ್ ಮೀನಿಗೆ ಈರುಳ್ಳಿ ಹೆಚ್ಚುತ್ತಾ. "ಬರೆದದ್ದನ್ನೆಲ್ಲ ಬಾಗಿಲ ಹತ್ರಾನೇ ಇಡ್ತಾ ಬಂದಿದ್ದೀರಿ, ಹೋದ್ವರ್ಷದಿಂದ. ಒಂದು ಹಾಳೇನೂ ಕಾಣೆಯಾಗಿಲ್ಲ."

"ನಿಂಗೆ ಓದೋಕೆ ಬರಲ್ಲ ಕಣೇ. ಬಂದಿದ್ರೆ ನೀನೇ ಕದೀತಿದ್ದೆ."

ಮೂರು ಸಲ ದೋಣಿ ಹತ್ತಿ, ಆರು ಗುಮಾಸ್ತರಿಗೆ ಟೋಪಿ ತೆಗೆದು, ಮೇಷ್ಟ್ರು ಸನ್ನದು ಸಂಪಾದಿಸಿದರು. ಹತ್ತು ವರ್ಷಗಳ ಕಾಲ ವೆನಿಸ್ಸಿನಲ್ಲಾಗಲಿ ಅದರ ಆಳ್ವಿಕೆಯ ಊರುಗಳಲ್ಲಾಗಲಿ ಬೇರೆ ಯಾರೂ ಈ ಇತಿಹಾಸವನ್ನು ಮುದ್ರಿಸಕೂಡದು, ಮಾರಕೂಡದು. ಕೆಳಗೆ ಅಂಗೈಯಗಲದ ಮುದ್ರೆ.

ಜಗತ್ತನ್ನೆಲ್ಲ ಹೀಗೆ ತಡೆದು ನಿಲ್ಲಿಸಿದ ಮೇಲೆ ಉಳಿದದ್ದು ಒಂದೇ ಸಣ್ಣ ಕೆಲಸ: ಮುದ್ರಿಸುವುದಕ್ಕೆ ಒಬ್ಬನನ್ನು ಹುಡುಕುವುದು. ಅದಕ್ಕೆ ಎರಡು ವರ್ಷ ಹಿಡಿಯಿತು. ಕೊನೆಗೆ ಲುನಾರ್ದೊ ಎಂಬ ಜರ್ಮನಿಯ ಮುದ್ರಕ, ಮೇಷ್ಟ್ರು ತನ್ನ ಮಗಳಿಗೆ ಓದು ಕಲಿಸಿದ ಋಣಕ್ಕೆ, ಮುನ್ನೂರು ಪ್ರತಿ ಅಚ್ಚು ಹಾಕಲು ಒಪ್ಪಿದ. ಮೊದಲ ಪುಟದಲ್ಲಿ ಸನ್ನದನ್ನು ಮೇಷ್ಟ್ರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಮೇಷ್ಟ್ರೇ ಹಟ ಹಿಡಿದರು.

ಪುಸ್ತಕ ಬಂತು. ಮಾರಾಟವಾದದ್ದು ಹತ್ತೊಂಬತ್ತು ಪ್ರತಿ. ಅದರಲ್ಲಿ ನಾಲ್ಕನ್ನು ಬಿಷಪ್ಪರ ಮನೆಯವರು ಕೊಂಡು, ಮೂರನ್ನು ಹಿಂತಿರುಗಿಸಿದರು. ಮೇಷ್ಟ್ರು ಮಾತ್ರ ಶನಿವಾರ ತಪ್ಪದೆ ವೆನಿಸ್ಸಿಗೆ ಹೋಗಿ ಪುಸ್ತಕದಂಗಡಿಗಳನ್ನು ಜಾಲಾಡುತ್ತಿದ್ದರು, ಕಳ್ಳಮುದ್ರಣ ಸಿಗಬಹುದೆಂದು. ಮೊದಮೊದಲು ಸಿಗದಿದ್ದಾಗ ನೆಮ್ಮದಿಯಾಗುತ್ತಿತ್ತು. ಸನ್ನದಿನ ನಾಲ್ಕನೇ ವರ್ಷದ ಹೊತ್ತಿಗೆ ಬೇಜಾರಾಗತೊಡಗಿತು. ಆರನೇ ವರ್ಷ ಲುನಾರ್ದೊನ ಅಂಗಡಿಯಲ್ಲಿ ಕೂತು ಕೇಳಿಯೇಬಿಟ್ಟರು:

"ಸನ್ನದು ಕಂಡು ಹೆದರಿರಬೇಕು, ಅಲ್ವೇನಯ್ಯಾ?"

"ಹೆದರಿದ್ದಾರೆ ಮೇಷ್ಟ್ರೇ," ಅಂದ ಲುನಾರ್ದೊ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕೈ ನಿಲ್ಲಿಸದೆ. "ಕಳ್ಳರು ಮಾತ್ರ ಅಲ್ಲ, ಗಿರಾಕಿಗಳೂ ಹೆದರಿದ್ದಾರೆ."

ಎಂಟನೇ ವರ್ಷ, ಲೆಂಟ್ ಉಪವಾಸದ ದಿನಗಳಲ್ಲಿ, ಕಳ್ಳ ಬಂದ. ಕ್ಯೋಜಾದ ಮೀನುಪೇಟೆಯ ಮೆಟ್ಟಿಲ ಮೇಲೆ ಮಾರ್ಚಿಯೋಲ್ ಎಂಬ ಹಾಡುಗಾರ ನಿಂತು, ಅಚ್ಚು ಹಾಕಿದ ಹಾಳೆಗಳನ್ನು ಮಾರುತ್ತಾ ಹಾಡುತ್ತಿದ್ದ. ನೂರು ವರ್ಷದ ಹಿಂದೆ ವೆನಿಸ್ಸಿನ ವೈರಿ ಜಿನೋವಾದ ಸೈನ್ಯ ಕ್ಯೋಜಾವನ್ನು ಹಿಡಿದಿದ್ದಾಗ, ಒರ್ಸಾ ಎಂಬ ಹದಿನೈದರ ಹುಡುಗಿ ಮನೆಗೆ ನುಗ್ಗಿದ ಸೈನಿಕನನ್ನು ಒಲೆಯ ಸಲಿಕೆಯಿಂದ ಬಡಿದು ಕಾಲುವೆಗೆ ಕೆಡವಿದ ಕಥೆ. ಸೊಗಸಾದ ಆಡುಮಾತು, ಕುಣಿಯುವ ಧಾಟಿ. ಹೆಂಗಸರು ಮೀನಿನ ಬುಟ್ಟಿ ಕೆಳಗಿಟ್ಟು ಹಾಳೆ ಕೊಳ್ಳುತ್ತಿದ್ದರು.

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದು ಅವರ ಆರನೇ ಕಾಂಡ! ಹಾಳೆಯೊಂದನ್ನು ಕೊಂಡು ಎದೆಗವಚಿಕೊಂಡು ಮರುದಿನವೇ ವೆನಿಸ್ಸಿಗೆ ಹೋದರು. ಮದುವೆಗೆ ಹಾಕಿದ್ದ ಕೋಟನ್ನೇ ಹಾಕಿದ್ದರು.

ದೂರು ಕೇಳುವ ಗುಮಾಸ್ತ ಎಳೆಯ ವಯಸ್ಸಿನವನು, ತುಂಬ ಮರ್ಯಾದಸ್ಥ.

"ಮೇಷ್ಟ್ರೇ, ಕೂತ್ಕೊಳ್ಳಿ. ಈ ಘಟನೆ ನಿಜವಾಗಿ ನಡೆದದ್ದೇ?"

"ಮತ್ತೆ? ಇತಿಹಾಸ ಅದು."

"ಹಾಗಾದ್ರೆ ತೊಂದ್ರೆ ಇದೆ. ನಿಮಗೆ ಕೊಟ್ಟಿರೋದು ನಿಮ್ಮ ಪುಸ್ತಕಕ್ಕೆ ಸನ್ನದು, ಯುದ್ಧಕ್ಕಲ್ಲ. ನಡೆದದ್ದನ್ನ ಯಾರು ಬೇಕಾದ್ರೂ ಹಾಡ್ಬಹುದು. ಈ ಹಾಡಿನೋನು ಯಾವ ಮುದುಕಿ ಬಾಯಲ್ಲೋ ಕೇಳಿದೆ ಅಂತ ಹಾಳೆ ಮೇಲೇ ಹಾಕಿದ್ದಾನೆ."

"ಕೇಳಿರೋಕೆ ಸಾಧ್ಯವೇ ಇಲ್ಲ!" ಮೇಷ್ಟ್ರು ಎದ್ದು ನಿಂತರು. "ಆ ಸಲಿಕೆ ಇದೆಯಲ್ಲ, ಅದು ಯಾವ ಮುದುಕಿ ಬಾಯಲ್ಲೂ ಇಲ್ಲ. ಅದು ನನ್ದು. ನಾನೇ ಸೇರ್ಸಿದ್ದು."

ಗುಮಾಸ್ತ ಲೇಖನಿಯನ್ನು ಮಸಿಗೆ ಅದ್ದಿದ.

"ಸೇರ್ಸಿದ್ದು ಅಂದ್ರೆ? ಸೈನಿಕ ಕಾಲುವೆಗೆ ಬಿದ್ದದ್ದು?"

"ಅದೂ ನನ್ದೇ."

"ಅಂದ್ರೆ, ನಡೆದೇ ಇಲ್ಲದ್ದನ್ನ ಇತಿಹಾಸ ಅಂತ ಹೇಳಿ ಪ್ರಭುಗಳ ಮುದ್ರೆ ಹಾಕಿಸ್ಕೊಂಡಿರಿ." ಗುಮಾಸ್ತನ ದನಿಯಲ್ಲಿ ಇನ್ನೂ ಅದೇ ಮರ್ಯಾದೆ. "ಹೀಗೇ ಬರ್ಕೊಳ್ಳಲಾ ಮೇಷ್ಟ್ರೇ? ಅಥವಾ ಸಲಿಕೆ ನಿಜ ಅಂತ ಬರ್ಕೊಂಡು, ಹಾಡುಗಾರನ್ನ ಬಿಟ್ಟುಬಿಡಲಾ?"

ಹದಿನೆಂಟು ವರ್ಷ ಬರೆದದ್ದನ್ನು ಕಾಪಾಡಲು ಬಂದ ಮೇಷ್ಟ್ರಿಗೆ ಈಗ ಎರಡೇ ದಾರಿ: ಕದ್ದ ಮಾಲು ತನ್ನದೆಂದು ಸಾಧಿಸಿ ಸುಳ್ಳುಗಾರನಾಗುವುದು, ಅಥವಾ ಪ್ರಾಮಾಣಿಕ ಇತಿಹಾಸಕಾರನಾಗಿ ಉಳಿದು ಕಳ್ಳನಿಗೆ ಕೈ ಮುಗಿಯುವುದು. ದೂರನ್ನು ವಾಪಸು ತೆಗೆದುಕೊಂಡರು. ಗುಮಾಸ್ತ ಬಾಗಿಲವರೆಗೆ ಬಂದು ಬೀಳ್ಕೊಟ್ಟು, ಹಾಡು ತನ್ನ ಅಮ್ಮನಿಗೆ ಬಲು ಇಷ್ಟವಾಗಿದೆ ಎಂದ.

ಮನೆಗೆ ಬಂದು ಕೋಟು ಬಿಚ್ಚುತ್ತಾ ಎಲ್ಲವನ್ನೂ ಹೇಳಿದಾಗ ಸಮರಿತಾನಾ ನಗುತ್ತಾಳೆಂದುಕೊಂಡಿದ್ದರು. ಅವಳು ನಗಲಿಲ್ಲ. ಒರ್ಸಾ ಅವಳ ಅಜ್ಜಿ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಆ ಕಥೆ ಹೇಳಿದವಳು ಅವಳೇ. ಅದು ಲ್ಯಾಟಿನ್ನಿನಲ್ಲಿ ಏನಾಯಿತೆಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

"ನಮ್ಮಜ್ಜಿ ಯಾರ್ಗೂ ಹೊಡೆದೋಳಲ್ಲ," ಅಂದಳು. "ಆಗ ಜಿನೋವಾದೋರನ್ನ ನಮ್ಮೋರು ಸುತ್ತ ಮುತ್ತಿದ್ರು. ಒಳಗೆ ಅವ್ರಿಗೆ ತಿನ್ನೋಕೂ ಇರ್ಲಿಲ್ಲ, ಚರ್ಮ ಬೇಯ್ಸಿ ತಿಂತಿದ್ರು. ಆ ಸೈನಿಕ ಬಾಗ್ಲಲ್ಲಿ ನಿಂತು ಅಳ್ತಿದ್ದ. ಅಜ್ಜಿ ಒಂದು ಸೌಟು ನವಣೆ ಗಂಜಿ ಕೊಟ್ಳು. ಅವ್ನು ಶಿರಸ್ತ್ರಾಣ ಬಿಚ್ಚಿ ಕೊಟ್ಟು ಹೋದ. ಸಾಯೋವರ್ಗೂ ಅದ್ರಲ್ಲೇ ನವಣೆ ಅಳೀತಿದ್ಳು. ನಿಮ್ಗೆ ಹೇಳಿದ್ನಲ್ಲ ಇದನ್ನ!"

"ನೀನು ಹೇಳಿದ್ದೆ. ಅದು ಇತಿಹಾಸಕ್ಕೆ ಶೋಭೆ ತರಲ್ಲ ಅಂತ..."

"ಹಸಿದೋನಿಗೆ ಗಂಜಿ ಕೊಟ್ಟಿದ್ದು ಶೋಭೆ ಅಲ್ವಾ?"

ಪಾಠ ಕಲಿಸಿಯೇ ಗೊತ್ತಿದ್ದ ಮನುಷ್ಯನಿಗೆ, ಐವತ್ತೆಂಟನೇ ವಯಸ್ಸಿನಲ್ಲಿ, ಪಾಠ ತಪ್ಪಿದ ಹುಡುಗನಂತೆ ಕಿವಿ ಬಿಸಿಯಾಯಿತು. ಮೇಷ್ಟ್ರು ಕಾಗದ ತಂದು ಮೇಜಿನ ಮೇಲಿಟ್ಟರು. "ಇನ್ನೊಂದ್ಸಲ ಹೇಳು. ನೀನು ಹೇಳ್ದಂಗೇ ಬರೀತೀನಿ."

"ಲ್ಯಾಟಿನ್ ಬೇಡ."

"ಬೇಡ."

ಒಂದು ಕಥೆ ಬರೆದ ಮೇಲೆ ಇನ್ನೊಂದು ಬೇಕಾಯಿತು. ಬಲೆ ಹೆಣೆಯುವ ಜಗಲಿಯ ಮೇಲೆ ಮುದುಕಿಯರ ನಡುವೆ ಮೇಷ್ಟ್ರು ದಿನಾ ಕೂರತೊಡಗಿದರು. ಅವರ ಲ್ಯಾಟಿನ್ ಪಾಂಡಿತ್ಯಕ್ಕೆ ಅಲ್ಲಿ ಸಿಕ್ಕ ಗೌರವವೆಂದರೆ, ನೂಲಿನ ಉಂಡೆ ಹಿಡಿಯಲು ಕೊಟ್ಟದ್ದು. ಈ ನಡುವೆ ಹತ್ತು ವರ್ಷ ತುಂಬಿ ಸನ್ನದಿನ ಅವಧಿ ಮುಗಿಯಿತು. ಅಂದಿನಿಂದ ಯಾರು ಬೇಕಾದರೂ ಹನ್ನೊಂದು ಕಾಂಡಗಳನ್ನೂ ಮುದ್ರಿಸಬಹುದಾಗಿತ್ತು. ಜಗತ್ತು ಭಾರೀ ಸಂಯಮ ತೋರಿಸಿತು.

ಮುದುಕಿಯರ ಕಥೆಗಳು ನಲವತ್ತು ಹಾಳೆಯಾದಾಗ ಮೇಷ್ಟ್ರು ಚಳಿಜ್ವರದಲ್ಲಿ ತೀರಿಕೊಂಡರು. ಸಮರಿತಾನಾ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಲುನಾರ್ದೊನ ಮುಂದಿಟ್ಟಳು. ಅವನು ನಿಂತಲ್ಲೇ ಹತ್ತು ಪುಟ ಓದಿ, ಕೂತು ಉಳಿದದ್ದನ್ನು ಓದಿದ.

"ಸನ್ನದಿಗೆ ಅರ್ಜಿ ಹಾಕೋಣ್ವಾ ಅಮ್ಮ? ಇದನ್ನ ನಿಜವಾಗ್ಲೂ ಕದೀತಾರೆ."

"ಕದೀಲಿ ಬಿಡಪ್ಪ," ಅಂದಳು ಸಮರಿತಾನಾ. "ಗಂಜಿ ಅಂತ ಇರೋ ಕಡೆ ಗಂಜಿ ಅಂತಲೇ ಹಾಕು. ಅಷ್ಟು ಸಾಕು."