ದೊಡ್ಡವ್ವನ ಬಿಳಿ ಮಾತ್ರೆ

ದೊಡ್ಡವ್ವನ ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಬಳೆ ತಗುಲಿದರೂ ನೀಲಿ ಕಲೆ ಏಳುತ್ತಿತ್ತು. ಮುಖ ಮಾತ್ರ ದುಂಡಗೆ, ಕೆನ್ನೆ ಮಿರಮಿರ ಮಿಂಚುತ್ತಿತ್ತು. 'ಈ ವಯಸ್ಸಲ್ಲೂ ಮೈಕೈ ತುಂಬ್ಕಂಡವಳೆ' ಎಂದು ಬೀದಿಯ ಹೆಂಗಸರು ಆಡಿಕೊಂಡರೆ ನನಗೆ ಹೆಮ್ಮೆ. ಆ ಮೈ ತುಂಬಿದ್ದರಲ್ಲಿ ನನ್ನ ಕೈವಾಡವೂ ಇತ್ತು. ಅದು ಊತ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅವಳು ನಮಗೆ ನೆಂಟಳಲ್ಲ. ಕುದೇರಿನಲ್ಲಿ ನಮ್ಮ ಎದುರು ಮನೆಯವಳು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮಾರನೇ ಬೆಳಿಗ್ಗೆ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ದೊಡ್ಡವ್ವ ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಹಿಡಿದು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಎದ್ದು ನಿಂತ್ಕೊ ಕಣಮ್ಮಿ. ಮಿಕ್ಕಿದ್ದು ಆಮ್ಯಾಕೆ ನೋಡ್ಕಳನ."

ಹಸು ಸತ್ತರೂ, ಮಗನ ಗಾಡಿ ಕೆಟ್ಟರೂ, ಸೊಸೆ ಮುನಿಸಿಕೊಂಡರೂ ಅವಳದು ಅದೇ ಮಾತು. ಮೊದಲು ಎದ್ದು ನಿಲ್ಲಬೇಕು. ನಾನು ಪಿಯುಸಿ ಮುಗಿಸಿ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ ಮೇಲೂ ಬೆಳಗಿನ ಮುದ್ದೆ ಅವಳ ಮನೆಯದೇ.

ಚಿಕುನ್‌ಗುನ್ಯ ಬಂದು ಹೋದ ಮೇಲೆ ಅವಳ ಬೆರಳಿನ ಗೆಣ್ಣುಗಳು ಊದಿಕೊಂಡವು. ಮುದ್ದೆಕೋಲು ಹಿಡಿಯಲು ಆಗದೆ ಒಲೆ ಮುಂದೆ ಕೂತು ಅತ್ತಿದ್ದಳು. ಗುಂಡ್ಲುಪೇಟೆಯ ತವರಿಗೆ ಹೋದಾಗ ಅಲ್ಲಿನ ಡಾಕ್ಟರೊಬ್ಬರು ಐದು ದಿನಕ್ಕೆಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ನಾಲ್ಕನೇ ದಿನಕ್ಕೇ ಎದ್ದು ಮುದ್ದೆ ತಿರುವಿದಳು. ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ ಹಾಳೆಗಳನ್ನು ಅರಿಶಿನದ ಡಬ್ಬಿಯಲ್ಲಿ ಜೋಪಾನ ಮಾಡಿ, ಒಂದನ್ನು ನನ್ನ ಕೈಗೆ ಕೊಟ್ಟಳು.

"ಬತ್ತಾ ಇಂತದ್ದೇ ತಕ್ಕೊ ಬಾ. ಎಸ್ರು ಗಿಸ್ರು ನಂಗ್ಗೊತ್ತಿಲ್ಲ. ಇದ ತೋರ್ಸು, ಕೊಡ್ತಾರೆ."

ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಹಳೆಯ ಹಾಳೆ ತೋರಿಸಿದರೆ ಮೆಡಿಕಲ್ ಸ್ಟೋರಿನವನು ಚೀಟಿ ಕೇಳುವುದಿಲ್ಲ. ಐದು ದಿನದ ಮಾತ್ರೆಯನ್ನು ನಾನು ಮೂರು ವರ್ಷ ತಂದುಕೊಟ್ಟೆ. ದಿನಾ ಬೆಳಿಗ್ಗೆ ಕಾಫಿಯ ಜೊತೆ ಒಂದು. ಆ ವರ್ಷಗಳಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಪಾತ್ರೆ ಉಜ್ಜುವಳು, ಸಿಕ್ಕಿದವರ ಮೇಲೆ ಸಿಡುಕುವಳು, ಆಮೇಲೆ ತಾನೇ ಕಣ್ಣೀರು ಹಾಕಿ ಸಮಾಧಾನ ಮಾಡುವಳು.

ಒಂದು ದಿನ ಫ್ಯಾಕ್ಟರಿಯಲ್ಲಿ ಆರೋಗ್ಯ ತಪಾಸಣೆಗೆ ಡಾಕ್ಟರು ಬಂದಿದ್ದರು. ದೊಡ್ಡವ್ವ ಮೂರು ವರ್ಷದಿಂದ ಇದನ್ನು ನುಂಗುತ್ತಿದ್ದಾಳೆ ಎಂದು ಪರ್ಸಿನಲ್ಲಿದ್ದ ಹಾಳೆಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಸ್ಟೀರಾಯ್ಡ್ ಕಣಮ್ಮ. ವರ್ಷಗಟ್ಟಲೆ ತಿಂದ್ರೆ ಮೂಳೆ ಟೊಳ್ಳಾಗುತ್ತೆ, ಶುಗರ್ ಬರುತ್ತೆ. ನೀವೇನೂ ಮಾಡೋಕೆ ಹೋಗ್ಬೇಡಿ, ಮೊದಲು ಅವರನ್ನ ಕರ್ಕೊಂಡು ಬನ್ನಿ."

ಹಿಂದೆ ಸಾಲು ಉದ್ದವಿತ್ತು. ನನ್ನ ತಲೆಯಲ್ಲಿ ಉಳಿದದ್ದು ಮೊದಲಿನ ಮಾತು ಮಾತ್ರ. ಊರಿಗೆ ಬಂದವಳೇ ಚೀಲ ಕೂಡ ಇಳಿಸದೆ ಎದುರು ಮನೆಗೆ ನುಗ್ಗಿದೆ. ಮಗ, ಸೊಸೆ ಹೊಲದಿಂದ ಬಂದಿರಲಿಲ್ಲ. ಡಬ್ಬಿಯಲ್ಲಿದ್ದ ಎರಡು ಹಾಳೆ ಮಾತ್ರೆಯನ್ನೂ ಉರಿಯುವ ಒಲೆಗೆ ಹಾಕಿದೆ. ವಿಷ ಇದು, ಇನ್ನು ಮುಟ್ಟಬೇಡ ಎಂದೆ. ದೊಡ್ಡವ್ವ ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನೀನು ಓದ್ದೋಳು. ನೀ ಬ್ಯಾಡ ಅಂದ್ರೆ ಬ್ಯಾಡ ಬುಡು."

ಅಷ್ಟು ನಂಬಿಕೆಗೆ ಯೋಗ್ಯತೆ ನನಗಿರಲಿಲ್ಲ.

ಮೂರನೇ ದಿನಕ್ಕೆ ಅವಳ ಸಿಡುಕು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಐದನೇ ದಿನ ಮುದ್ದೆ ಬೇಡ ಎಂದಳು. ಅಂಗೈಯಲ್ಲಿ ಕಲ್ಲುಪ್ಪು ಹಾಕಿಕೊಂಡು ನೆಕ್ಕುತ್ತ ಕೂತಿದ್ದಳು. ಏನು ದೊಡ್ಡವ್ವ ಇದು ಎಂದರೆ, "ಯಾಕೋ ಉಪ್ಪು ಬೇಕು ಅನ್ನಿಸ್ತದೆ ಕಣಮ್ಮಿ" ಎಂದಳು. ನಾನು ಬಸುರಿ ಬಯಕೆ ಎಂದು ಚುಡಾಯಿಸಿದೆ. ಏಳನೇ ದಿನ ನಾನು ಅವ್ವ ಸತ್ತಾಗ ಮಲಗಿದ್ದ ಹಾಗೆಯೇ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಸೊಸೆ ಯಾರದೋ ದೃಷ್ಟಿ ಎಂದು ಇಳಿ ತೆಗೆದಳು. ನಾನು ತಿಳಿದವಳ ಹಾಗೆ, ವಿಷ ಇಳಿಯುವಾಗ ಹಾಗೇ ಆಗುತ್ತದೆ, ತಡೆದುಕೋ ಎಂದೆ.

"ಕಾಲಿರ್ಲಿ ಬುಡು, ಮನ್ಸೇ ಏಳ್ತಿಲ್ಲ ಕಣಮ್ಮಿ" ಎಂದಳು. ಎದ್ದು ನಿಂತ್ಕೊ ಎಂದು ಊರಿಗೆಲ್ಲ ಹೇಳಿದವಳ ಬಾಯಿಂದ ಆ ಮಾತು ಬಂದಾಗಲೇ ನಾನು ಓಡಬೇಕಿತ್ತು.

ಒಂಬತ್ತನೇ ದಿನ ಜ್ವರ, ಕೆಮ್ಮು ಸೇರಿಕೊಂಡಿತು. ಮಧ್ಯಾಹ್ನ ವಾಂತಿ ಮಾಡಿ ಕಣ್ಣು ಮೇಲೆ ಮಾಡಿದಳು. ಮಗ ಲಗೇಜ್ ಆಟೋದಲ್ಲಿ ಚಾಪೆ ಹಾಸಿದ. ಚಾಮರಾಜನಗರದವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ರಸ್ತೆಯ ಒಂದೊಂದು ಗುಂಡಿಯೂ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಅವಳ ಮೈ ಮಾತ್ರ ತಣ್ಣಗೆ ಬೆವರಿ, ಏನೂ ಆಗದವಳ ಹಾಗೆ ಸುಮ್ಮನಿತ್ತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಿಪಿ ನೋಡಿ ಮುಖ ಗಂಟಿಕ್ಕಿದರು. "ಮನೇಲಿ ಏನಾದ್ರೂ ಮಾತ್ರೆ ತಗೋತಿದ್ರಾ?" ಎಂದು ಕೇಳಿದರು.

"ಎಂತದೋ ಕೈಕಾಲ್ನೋವಿಂದು ಮೇಡಂ" ಎಂದ ಮಗ.

ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ. ಡ್ರಿಪ್ ಹಾಕಿದರು, ಬಿಪಿ ಏರಲಿಲ್ಲ. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆ ಇಪ್ಪತ್ತು ನಿಮಿಷ ನನಗೆ ನನ್ನ ಮಾನವೇ ದೊಡ್ಡದಾಗಿತ್ತು. ಮಗ ಔಷಧಿ ತರಲು ಹೊರಗೆ ಹೋದ ಮೇಲೆ ಡಾಕ್ಟರಮ್ಮನ ಹಿಂದೆ ಓಡಿ ಪರ್ಸಿನ ಹಾಳೆ ತೋರಿಸಿ, ಮೂರು ವರ್ಷ ನುಂಗಿದ್ದು ಒಂಬತ್ತು ದಿನದಿಂದ ನಿಂತಿದೆ ಎಂದೆ. ಅವರು ಬೈಯಲೂ ಇಲ್ಲ, ನರ್ಸನ್ನು ಕೂಗಿ ಇಂಜೆಕ್ಷನ್ ಕೊಡಿಸಿದರು.

ಆಮೇಲೆ ನಿಂತು ತಿಳಿಸಿ ಹೇಳಿದರು. ಕಿಡ್ನಿಗಳ ತಲೆಯ ಮೇಲೆ ಟೋಪಿಯ ಹಾಗೆ ಎರಡು ಗ್ರಂಥಿಗಳಿವೆ. ಭಯವಾದರೆ, ಜ್ವರ ಬಂದರೆ, ಬಿದ್ದರೆ, ಕೊನೆಗೆ ಬೆಳಿಗ್ಗೆ ಹಾಸಿಗೆಯಿಂದ ಏಳಲಿಕ್ಕೂ ಅವು ಸುರಿಸುವ ರಸ ಬೇಕು. ಅದೇ ರಸವನ್ನು ಮೂರು ವರ್ಷ ಮಾತ್ರೆಯಾಗಿ ಕೊಟ್ಟಿದ್ದಕ್ಕೆ ಅವು ಕೆಲಸ ಮರೆತಿದ್ದವು. "ಸ್ವಲ್ಪ ಸ್ವಲ್ಪವಾಗಿ ಇಳಿಸ್ತಾ, ಅವು ಎಚ್ಚರ ಆಗೋವರೆಗೂ ಕಾಯ್ಬೇಕಿತ್ತು. ಒಂದೇ ಸಲ ನಿಲ್ಲಿಸಿಬಿಟ್ರಲ್ಲ" ಎಂದರು. ಆಟೋದಲ್ಲಿ ನನ್ನ ಮೈಯಲ್ಲಿ ಉಕ್ಕುತ್ತಿದ್ದದ್ದು ಅವಳ ಮೈಯಲ್ಲಿ ಒಂದು ತೊಟ್ಟೂ ಇರಲಿಲ್ಲ.

ಸಂಜೆಗೆ ದೊಡ್ಡವ್ವ ಕಣ್ಣು ಬಿಟ್ಟಳು. ಅಷ್ಟರಲ್ಲಿ ಮಗನೂ ಬಂದಿದ್ದ. ಡಾಕ್ಟರಮ್ಮ ಅವನ ಮುಂದೆಯೇ, "ಮಾತ್ರೆ ನಿಲ್ಲಿಸು ಅಂತ ಯಾರಜ್ಜಿ ಹೇಳಿದ್ದು?" ಎಂದು ಕೇಳಿದರು. ನಾನು ಮಂಚದ ಕಂಬಿ ಹಿಡಿದೆ.

ದೊಡ್ಡವ್ವ ನನ್ನ ಕಡೆ ತಿರುಗಲೇ ಇಲ್ಲ. "ಯಾರೂ ಯೋಳ್ಲಿಲ್ಲ ಕಣವ್ವ. ನಾನೇ ಬುಟ್ಬುಟ್ಟೆ" ಎಂದಳು.

ಎದೆಗೆ ಇಳಿದಿದ್ದ ಕಫ ಅವಳನ್ನು ಬಿಡಲಿಲ್ಲ. ಮೂರನೇ ದಿನ ತೀರಿಕೊಂಡಳು.

ಇಂದಿಗೂ ನನಗೆ ನಸುಕಿಗೇ ಎಚ್ಚರವಾಗುತ್ತದೆ. ಆಟೋದಲ್ಲಿ ಹೊಡೆದುಕೊಂಡ ಹಾಗೆಯೇ ಎದೆ ಹೊಡೆದುಕೊಳ್ಳುತ್ತದೆ. ಅನ್ನ ಸೇರುವುದಿಲ್ಲ, ಪ್ಯಾಕಿಂಗ್ ಲೈನಿನಲ್ಲಿ ಡಬ್ಬಿಗಳ ಲೆಕ್ಕ ತಪ್ಪುತ್ತದೆ. 'ಯಾರ ಮಾತೂ ಕೇಳ್ತಿರ್ನಿಲ್ಲ ನಮ್ಮವ್ವ' ಎಂದು ಮಗ ಬಂದವರಿಗೆಲ್ಲ ಹೇಳುವಾಗ ನಾನು ವರ್ಷವಿಡೀ ತಲೆಯಾಡಿಸಿದೆ.

ಹೋದ ತಿಂಗಳು ಸೊಸೆ ಮಂಡಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಅವಳ ಕೈಯಲ್ಲಿ ಅರಿಶಿನ ಮೆತ್ತಿದ ಹಳೆಯ ಖಾಲಿ ಹಾಳೆಯಿತ್ತು.

"ಅತ್ತೆ ಡಬ್ಬೀಲಿತ್ತು ಕಣಮ್ಮಿ. ಬತ್ತಾ ಇಂತದ್ದೇ ತಕ್ಕೊ ಬಾ."

ಹಾಳೆ ಇಸಿದುಕೊಂಡೆ. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಒಲೆಗೆ ಹಾಕಿದ್ದು, ತಡೆದುಕೋ ಎಂದದ್ದು, ಆ ಇಪ್ಪತ್ತು ನಿಮಿಷ. ಅವಳು ಮಂಡಿ ಹಿಡಿದುಕೊಂಡೇ ಎದ್ದು ಹೋದಳು. ಆ ಭಾನುವಾರ ಮಗ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಗೆ ಡಾಕ್ಟರ ಹತ್ತಿರ ಹೊರಟ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

ನನಗೆ ಮುದ್ದೆ ಬರುತ್ತಿದ್ದ ಆ ಬಾಗಿಲು ಈಗ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವವರೆಗೂ ತೆರೆಯುವುದಿಲ್ಲ. ನನ್ನನ್ನು ಉಳಿಸಲೆಂದು ದೊಡ್ಡವ್ವ ಹೇಳಿದ ಸುಳ್ಳನ್ನು ನಾನು ಉಳಿಸಿಕೊಳ್ಳಲಿಲ್ಲ. ನಸುಕಿಗೆ ಎದೆ ಹೊಡೆದುಕೊಳ್ಳುತ್ತ ಎಚ್ಚರವಾದಾಗ ಗೋಡೆ ಕಡೆ ತಿರುಗಿ ಸ್ವಲ್ಪ ಹೊತ್ತು ಮಲಗಿರುತ್ತೇನೆ. ಆಮೇಲೆ ಎದ್ದು ನಿಲ್ಲುತ್ತೇನೆ.